ಬಾಡಿಗೆಗೆ ದುಡಿದ ಟ್ರ್ಯಾಕ್ಟರ್ ಮನೆಗೆ ತರಬಹುದೇ?

ಸೀರೆ ಕೊಳ್ಳುವಾಗ ನಾವು ಸೆರಗು ಬಿಡಿಸಿ ನೋಡುತ್ತೇವೆ, ಅಂಚು ಎಳೆದು ನೋಡುತ್ತೇವೆ, ಬಣ್ಣ ಬಿಡುತ್ತದೆಯೇ ಎಂದು ಅಂಗಡಿಯವರನ್ನು ಹತ್ತು ಸಲ ಕೇಳುತ್ತೇವೆ. ಕಾಲು ಕಿಲೋ ಬದನೆಕಾಯಿಗೂ ತೊಟ್ಟು ತಿರುಗಿಸಿ ನೋಡದೆ ಬಿಡುವುದಿಲ್ಲ. ಆದರೆ ಮನೆಗೆ ಲಕ್ಷಗಟ್ಟಲೆ ರೂಪಾಯಿಯ ಯಂತ್ರ ಬರುತ್ತದೆ ಎಂದಾಗ ಮಾತ್ರ 'ಅದೆಲ್ಲ ಗಂಡಸರ ವಿಷಯ' ಎಂದು ಕಾಫಿ ಲೋಟ ಮುಂದಿಟ್ಟು ಒಳಗೆ ಹೋಗಿಬಿಡುತ್ತೇವೆ. ಯಾಕೆ ಹೇಳಿ? ಸಾಲದ ಕಂತು ಕಟ್ಟಬೇಕಾಗಿ ಬಂದಾಗ ಮೊದಲು ಬಿಚ್ಚುವುದು ನಮ್ಮ ಕೈಬಳೆಯನ್ನೇ ಅಲ್ಲವೇ?

ಹಾಗೆ ಯೋಚಿಸಿಯೇ ಈ ಸಲ ನಾನೂ, ನನ್ನ ಓರಗಿತ್ತಿಯೂ ಟ್ರ್ಯಾಕ್ಟರ್ ವ್ಯವಹಾರಕ್ಕೆ ತಲೆ ಹಾಕಿದೆವು. ಹಳ್ಳಿಯಲ್ಲಿ ಜಮೀನಿಟ್ಟುಕೊಂಡು ಪೇಟೆಯಲ್ಲಿ ಮನೆ ಮಾಡಿರುವ ನಮ್ಮಂಥ ಸಂಸಾರಗಳು ಎಷ್ಟೋ ಇವೆ. ನಿಮ್ಮಲ್ಲಿ ಯಾರಿಗಾದರೂ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ನಮ್ಮದು ತಿಪಟೂರು ಕಡೆ. ನಾಲ್ಕು ಎಕರೆ ತೆಂಗಿನ ತೋಟ, ನಡುನಡುವೆ ಬಾಳೆ, ಅಡಿಕೆ. ಎರಡು ಎಕರೆ ರಾಗಿ ಹೊಲ. ಮಾವನವರು ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲಾದರು. ಪಕ್ಕದಲ್ಲೇ ಮೈದುನನದೂ ಅಷ್ಟೇ ಜಮೀನು. ದೊಡ್ಡ ಟ್ರ್ಯಾಕ್ಟರ್ ನಮ್ಮ ತೋಟಕ್ಕೆ ನುಗ್ಗಿದರೆ ಬಾಳೆ ಕಂದು ಮುರಿಯುತ್ತದೆ, ಅಡಿಕೆ ಸಸಿ ಒರಗುತ್ತದೆ. ಅದರ ತೂಕವೂ ಹೆಚ್ಚು, ನೆಲ ಗಟ್ಟಿಯಾಗುತ್ತದೆ. ಹಾಗಾಗಿ ನಮಗೆ ಬೇಕಾದದ್ದು ಮಿನಿ ಟ್ರ್ಯಾಕ್ಟರ್. ಹದಿನೆಂಟು ಅಶ್ವಶಕ್ತಿಯ ಆಸುಪಾಸಿನದು, ಮೂರು ಮೂರೂವರೆ ಅಡಿ ಅಗಲ, ಸಾಲಿನ ನಡುವೆ ಸಲೀಸಾಗಿ ನುಸುಳುವಂಥದ್ದು.

ಸಣ್ಣ ಯಂತ್ರ ನಮ್ಮ ನಾಡಿಗೆ ಹೊಸತೇನಲ್ಲ. 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿ.ಎಸ್.ಟಿ. ಕಂಪನಿ ಜಪಾನಿನ ಮಿತ್ಸುಬಿಷಿಯವರ ಸಹಯೋಗದಲ್ಲಿ ಪವರ್ ಟಿಲ್ಲರ್ ತಯಾರಿಸಿ ಗದ್ದೆ ತೋಟಗಳಿಗೆ ಕಳಿಸಿತು. ಈಗ ಕೊಳ್ಳಲಾಗದವರಿಗೆ ಬಾಡಿಗೆಗೂ ಸಿಗುತ್ತದೆ. 2014-15ರಿಂದ ಸರ್ಕಾರದ 'ಕೃಷಿ ಯಂತ್ರಧಾರೆ' ಕೇಂದ್ರಗಳು ಹೋಬಳಿ ಮಟ್ಟದಲ್ಲಿ ಬಂದವು. ಖಾಸಗಿಯಾಗಿ ನಾಲ್ಕಾರು ಗಾಡಿ ಇಟ್ಟು ಬಾಡಿಗೆಗೆ ಬಿಡುವವರೂ ಇದ್ದಾರೆ.

ಹಾಗಾದರೆ ಕೊಳ್ಳುವ ಮಾತೇಕೆ ಬಂತು? ಹದ, ತಾಯಿ, ಹದ! ದೋಸೆ ಹಿಟ್ಟಿಗೆ ಹದ ಇರುವ ಹಾಗೆ ಮಣ್ಣಿಗೂ ಒಂದು ಹದ ಇದೆ. ಮಳೆ ಬಿದ್ದು ಎರಡು ಮೂರು ದಿನ ಮಾತ್ರ ಅದು ಸಿಗುವುದು. ಆ ಎರಡು ಮೂರು ದಿನ ಊರಿನ ಎಲ್ಲರಿಗೂ ಟ್ರ್ಯಾಕ್ಟರ್ ಬೇಕು. ಫೋನ್ ಮಾಡಿದರೆ "ನಾಳೆ ಬರ್ತೀನಿ ಅಕ್ಕಾ" ಅನ್ನುವ ಡ್ರೈವರ್ ನಾಲ್ಕನೇ ದಿನ ಬರುತ್ತಾನೆ. ಅಷ್ಟರಲ್ಲಿ ನೆಲ ಒಣಗಿ ಹೆಂಟೆ ಏಳುತ್ತದೆ. ಪುನರ್ವಸು, ಪುಷ್ಯದ ಮಳೆಗೆ ಬೀಳಬೇಕಾದ ರಾಗಿ ಹಿಂದೆ ಬೀಳುತ್ತದೆ. ಎರಡು ವರ್ಷ ಹೀಗೇ ಆದ ಮೇಲೆ ನಮ್ಮನೆಯವರು "ಒಂದು ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡುಬಿಡೋಣ" ಅಂದರು. ಬಾಡಿಗೆಗೆ ಗಾಡಿ ಬಿಡುವ ಒಬ್ಬರು ತಮ್ಮಲ್ಲಿದ್ದ ಎರಡು ಮಿನಿ ಟ್ರ್ಯಾಕ್ಟರ್ ಮಾರುತ್ತಾರೆಂದು ಸುದ್ದಿ ಬಂದಿತ್ತು. ರೋಟವೇಟರ್, ಸಣ್ಣ ಟ್ರೈಲರ್ ಸೇರಿ 2,70,000 ರೂಪಾಯಿ ಹೇಳುತ್ತಿದ್ದರು.

ಅತ್ತೆಯವರು ಅಡಿಕೆ ಕತ್ತರಿಸುತ್ತಾ ಒಂದೇ ಪ್ರಶ್ನೆ ಕೇಳಿದರು: "ಚೆನ್ನಾಗಿದ್ದಿದ್ರೆ ಅವ್ನು ಯಾಕಪ್ಪಾ ಮಾರ್ತಾನೆ?"

ಎಂಥಾ ಪ್ರಶ್ನೆ ನೋಡಿ! ಉತ್ತರ ಸಿಗುವವರೆಗೆ ಹಣ ಬಿಚ್ಚುವುದು ಬೇಡ ಎಂದು ನಾನು ಅಲ್ಲೇ ತೀರ್ಮಾನಿಸಿದೆ.

ಮೊದಲು ಲೆಕ್ಕ. ಮಗಳ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಬರೆದೆ. ತೋಟದ ನಾಲ್ಕು ಎಕರೆ, ವರ್ಷಕ್ಕೆ ಮೂರು ಸಲ, ಎಕರೆಗೆ ಎರಡು ಗಂಟೆಯಂತೆ 24 ಗಂಟೆ. ರಾಗಿ ಹೊಲದ ಎರಡು ಎಕರೆಗೆ ಮೂರು ಸಲ, 12 ಗಂಟೆ. ಗೊಬ್ಬರ, ಕಾಯಿ, ಮೇವು ಸಾಗಿಸಲು 20 ಗಂಟೆ. ಒಟ್ಟು 56 ಗಂಟೆ. ನಮ್ಮ ಕಡೆ ಬಾಡಿಗೆ ಗಂಟೆಗೆ 800 ರೂಪಾಯಿ ಕೊಡುತ್ತಿದ್ದೆವು. ಅಂದರೆ ವರ್ಷಕ್ಕೆ 44,800.

ಇನ್ನು ಸ್ವಂತ ಗಾಡಿ. ಚೌಕಾಸಿ ಮಾಡಿ 2,40,000ಕ್ಕೆ ಬಂತು ಅಂತ ಇಟ್ಟುಕೊಳ್ಳಿ. ಡೀಸೆಲ್ ಗಂಟೆಗೆ ಎರಡು ಲೀಟರ್, ಲೀಟರಿಗೆ 90 ರೂಪಾಯಿ ಹಿಡಿದರೆ 10,080. ಆಯಿಲ್, ಫಿಲ್ಟರ್, ರಿಪೇರಿಗೆ 8,000. ಇನ್ಷೂರೆನ್ಸಿಗೆ 5,000. ಹಾಕಿದ ಹಣಕ್ಕೆ ನೂರಕ್ಕೆ ಒಂಬತ್ತರಂತೆ ಬಡ್ಡಿ 21,600. ಏಳು ವರ್ಷ ದುಡಿಸಿ ಒಂದು ಲಕ್ಷಕ್ಕೆ ಮಾರಿದರೆ ಸವಕಳಿ ವರ್ಷಕ್ಕೆ 20,000. ಕೂಡಿಸಿದರೆ 64,680!

ನಮ್ಮನೆಯವರು ಹಾಳೆ ನೋಡಿ, "ಬಡ್ಡಿ ಯಾಕೆ ಹಾಕಿದ್ದೀಯ? ಅರ್ಧ ಹಣ ಕೈಯಲ್ಲೇ ಇದೆಯಲ್ಲ" ಅಂದರು. ಕೈಯಲ್ಲಿರುವ ಹಣವೂ ಸುಮ್ಮನೆ ಕೂರುವುದಿಲ್ಲ. ಬ್ಯಾಂಕಿನಲ್ಲಿಟ್ಟರೆ ಅದೂ ಏನಾದರೂ ತರುತ್ತದೆ. ಉಳಿದರ್ಧಕ್ಕೆ ನನ್ನ ಬಳೆ ಅಡ ಇಡಬೇಕು. ಮಗಳು ಮುಂದಿನ ವರ್ಷ ಕಾಲೇಜು ಸೇರುವವಳು. ಆ ಬಳೆ ಅವಳ ಫೀಸಿನ ಹೊತ್ತಿಗೆ ಮನೆಯಲ್ಲಿರಬೇಕು ಎಂಬುದು ನನ್ನ ಲೆಕ್ಕ. ಅದನ್ನು ಹೇಳಿದಾಗ ಅವರು ಮಾತಾಡಲಿಲ್ಲ. ಬಾಡಿಗೆಗಿಂತ ಸ್ವಂತದ್ದು ವರ್ಷಕ್ಕೆ 19,880 ಹೆಚ್ಚು ನುಂಗುತ್ತದೆ. ಹದ ತಪ್ಪಿದ್ದರಿಂದ ಆಗುವ ನಷ್ಟ ಅಷ್ಟು ದೊಡ್ಡದೇ? ಎರಡು ಎಕರೆ ರಾಗಿಯಲ್ಲಿ ಪ್ರತಿ ವರ್ಷ ಅಷ್ಟು ಹೋಗುವುದಿಲ್ಲ.

ಆಗ ನನ್ನ ಓರಗಿತ್ತಿ ನೆನಪಾದಳು. ಪಾಲಾದ ಮೇಲೆ ಅಣ್ಣತಮ್ಮಂದಿರ ಮಾತು 'ಬಂದೆಯಾ, ಹೋದೆಯಾ' ಅನ್ನುವಷ್ಟಕ್ಕೆ ನಿಂತಿತ್ತು. ಬದುವಿನ ಒಂದು ಮರದ ವಿಚಾರಕ್ಕೆ ಮುನಿಸು. ನಾವಿಬ್ಬರು ಹೆಂಗಸರು ಮಾತ್ರ ಹಬ್ಬದಲ್ಲಿ ಒಬ್ಬಟ್ಟು ಕೊಟ್ಟು ತೆಗೆದುಕೊಳ್ಳುವುದನ್ನು ಬಿಟ್ಟಿರಲಿಲ್ಲ. ಅವಳಿಗೆ ಹಾಳೆ ತೋರಿಸಿದೆ. "ಅಕ್ಕಾ, ಇಬ್ರೂ ಸೇರಿ ತಗೊಂಡ್ರೆ?" ಅಂದಳು. ಲೆಕ್ಕ ಮತ್ತೆ ಹಾಕಿದೆವು. ಬಡ್ಡಿ, ಸವಕಳಿ, ಇನ್ಷೂರೆನ್ಸ್ ಸೇರಿ 46,600. ಅದರಲ್ಲಿ ಅರ್ಧ 23,300. ಕೆಲಸ ಎರಡರಷ್ಟಾಗುವುದರಿಂದ ರಿಪೇರಿ 10,000 ಹಿಡಿದು ಅರ್ಧ 5,000. ಡೀಸೆಲ್ ಅವರವರದು, 10,080. ಒಂದು ಮನೆಗೆ 38,380. ಬಾಡಿಗೆಗಿಂತ 6,420 ಕಡಿಮೆ! ಹದವೂ ನಮ್ಮ ಕೈಯಲ್ಲಿ.

ಇದರಲ್ಲಿ ಡ್ರೈವರ್ ಕೂಲಿ ಇಲ್ಲ, ಗಮನಿಸಿ. ನಮ್ಮ ಎರಡೂ ಮನೆಯ ಗಂಡಸರಿಗೆ ಓಡಿಸಲು ಬರುತ್ತದೆ. ನಿಮ್ಮಲ್ಲಿ ಬಾರದಿದ್ದರೆ ಆ ಕೂಲಿಯನ್ನೂ ಸೇರಿಸಿಯೇ ನೋಡಬೇಕು.

"ಹೊಸದನ್ನೇ ಸಬ್ಸಿಡಿಯಲ್ಲಿ ತಗೋಬಹುದಲ್ಲ?" ಎಂದು ನೀವು ಕೇಳಬಹುದು. ನಾವೂ ವಿಚಾರಿಸಿದೆವು. ಕೇಂದ್ರದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಣ್ಣ ರೈತರಿಗೆ, ಪರಿಶಿಷ್ಟರಿಗೆ, ಮಹಿಳೆಯರಿಗೆ ಗೊತ್ತಾದ ಮಿತಿಯೊಳಗೆ ನೂರಕ್ಕೆ ಐವತ್ತರವರೆಗೆ, ಉಳಿದವರಿಗೆ ನಲವತ್ತರವರೆಗೆ ಸಹಾಯಧನ ಇದೆ. ಕೇಳಿದಿರಾ, ಮಹಿಳೆಯರಿಗೆ! ಆದರೆ ಪಹಣಿ ನಿಮ್ಮ ಹೆಸರಿನಲ್ಲಿರಬೇಕು. ನಮ್ಮ ಪಹಣಿಯಲ್ಲಿ ಇನ್ನೂ ತೀರಿಹೋದ ಮಾವನವರ ಹೆಸರೇ ಕೂತಿದೆ. ಪೌತಿ ಖಾತೆ ಆಗುವವರೆಗೆ ಅರ್ಜಿ ಮುಂದೆ ಸಾಗದು. ಅದಕ್ಕೇ ಹೇಳುತ್ತೇನೆ, ಟ್ರ್ಯಾಕ್ಟರ್ ಕೊಳ್ಳಿ ಬಿಡಿ, ಖಾತೆಯ ಕೆಲಸ ಮಾತ್ರ ಮುಂದೆ ಹಾಕಬೇಡಿ. ನಮ್ಮದನ್ನೂ ಈಗ ಕೈಗೆತ್ತಿಕೊಂಡಿದ್ದೇವೆ.

ಹೊಸದರ ಬೆಲೆ ತಿಳಿದುಕೊಂಡದ್ದು ಮಾತ್ರ ಬೇರೆ ರೀತಿ ಉಪಯೋಗಕ್ಕೆ ಬಂತು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿ.ಎಸ್.ಟಿ. ನೂರಕ್ಕೆ 12ರಿಂದ 5ಕ್ಕೆ ಇಳಿಯಿತು. ತೆರಿಗೆ ಸೇರಿ 3,50,000 ಇದ್ದ ಗಾಡಿ ಸುಮಾರು 3,28,000ಕ್ಕೆ ಬಂದ ಹಾಗಾಯಿತು. ಹೊಸದು ಅಗ್ಗವಾದರೆ ಹಳೆಯದೂ ಇಳಿಯಬೇಕು ತಾನೇ? ಮಾರುವವರು ಹಳೇ ಬಿಲ್ಲು ತೋರಿಸಿ ಬೆಲೆ ಹೇಳಿದರೆ ಈ ಮಾತು ನೆನಪಿಟ್ಟುಕೊಳ್ಳಿ.

ಇನ್ನು ಗಾಡಿ ನೋಡುವುದು. ನಾವು ನಾಲ್ವರೂ ಹೊರಟೆವು. ಜೊತೆಗೆ ನಮ್ಮೂರ ಮೆಕ್ಯಾನಿಕ್. ಅವರ ಅರ್ಧ ದಿನದ ಕೂಲಿ ಕೊಟ್ಟೇ ಕರೆದೊಯ್ದೆವು. ಪುಕ್ಕಟೆ ಬಂದವರು ಮುಲಾಜಿಗೆ 'ಪರವಾಗಿಲ್ಲ' ಅಂದುಬಿಡುತ್ತಾರೆ.

ಅಂಗಳದಲ್ಲಿ ಎರಡು ಗಾಡಿ ನಿಂತಿದ್ದವು. ಒಂದು ಹೊಸ ಬಣ್ಣ ಬಳಿದುಕೊಂಡು ಮದುವಣಗಿತ್ತಿಯ ಹಾಗೆ ಮಿಂಚುತ್ತಿತ್ತು. ಅವರ್ ಮೀಟರಿನಲ್ಲಿ 870 ಗಂಟೆ. ಇನ್ನೊಂದರ ಬಣ್ಣ ಮಾಸಿತ್ತು, ಬಾನೆಟ್ ಮೇಲೆ ತಗ್ಗು. ಮೀಟರಿನಲ್ಲಿ 2,140 ಗಂಟೆ. ಗಂಡಸರ ಕಣ್ಣು ಮೊದಲನೆಯದರ ಮೇಲೇ ಇತ್ತು.

ಮೆಕ್ಯಾನಿಕ್ ಮೀಟರ್ ನೋಡುವ ಮೊದಲು ಪೆಡಲ್ ನೋಡಿದರು. ಕ್ಲಚ್ಚಿನ ಪೆಡಲ್ ಸವೆದು ನುಣ್ಣಗಾಗಿತ್ತು. ಹಿಂದೆ ಟ್ರೈಲರ್ ಸಿಗಿಸುವ ಪಿನ್ನಿನ ತೂತು ದುಂಡಗಿರದೆ ಮೊಟ್ಟೆಯಾಕಾರಕ್ಕೆ ತಿರುಗಿತ್ತು. "870 ಗಂಟೆಗೆ ಇಷ್ಟು ಸವೆಯಲ್ಲ ಅಮ್ಮಾ. ಮೀಟರ್ ಬದಲಾಯಿಸಿರಬೇಕು, ಇಲ್ಲಾ ಕೇಬಲ್ ಬಿಚ್ಚಿಟ್ಟಿರಬೇಕು" ಎಂದು ಮೆಲ್ಲಗೆ ಹೇಳಿದರು. ಆಮೇಲೆ ಗೇರ್‌ಬಾಕ್ಸಿನ ಆಯಿಲ್ ಕಡ್ಡಿ ಎಳೆದು ತೋರಿಸಿದರು. ನನಗೆ ಯಂತ್ರ ಗೊತ್ತಿಲ್ಲ, ಆದರೆ ಕಾಫಿ ಗೊತ್ತು. ಹಾಲು ಜಾಸ್ತಿಯಾದ ಕಾಫಿಯ ಬಣ್ಣ! ಆಯಿಲಿಗೆ ನೀರು ಸೇರಿದರೆ ಹಾಗಾಗುತ್ತದಂತೆ. ಕೆಸರುಗದ್ದೆಯಲ್ಲಿ ದುಡಿದ ಗಾಡಿಗೆ ಸೀಲು ಸವೆದ ಕಡೆಯಿಂದ ನೀರು, ಕೆಸರು ಒಳಗೆ ಹೋಗುತ್ತದೆ. ಬೇರಿಂಗ್, ಗೇರು ಎಲ್ಲವನ್ನೂ ತಿನ್ನುತ್ತದೆ. ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ ಗೇರ್‌ಬಾಕ್ಸಿಗೂ ಹೈಡ್ರಾಲಿಕ್ಕಿಗೂ ಒಂದೇ ಆಯಿಲ್, ಹಾಗಾಗಿ ಕೆಟ್ಟರೆ ಎರಡೂ ಕೆಡುತ್ತವೆ.

"ಆಯಿಲ್ ಬದಲಾಯಿಸಿದ್ರೆ ಆಯ್ತು ತಾಯಿ" ಎಂದು ಮಾಲೀಕರು ನಕ್ಕರು. ನಾವೂ ನಕ್ಕು ಎರಡನೆಯದರ ಹತ್ತಿರ ಹೋದೆವು.

ಅದರ ಬಾನೆಟ್ ಮೇಲೆ ಕೈಯಿಟ್ಟರೆ ಬಿಸಿ. ನಾವು ಬರುವ ಮೊದಲೇ ಚಾಲೂ ಮಾಡಿ ಇಟ್ಟಿದ್ದರು. ಬಿಸಿ ಎಂಜಿನ್ ಯಾವುದಾದರೂ ಸುಲಭವಾಗಿ ಹತ್ತುತ್ತದೆ, ಪರೀಕ್ಷೆ ಆಗಬೇಕಾದದ್ದು ತಣ್ಣಗಿರುವಾಗ. "ನಾಳೆ ಬೆಳಿಗ್ಗೆ ಏಳು ಗಂಟೆಗೆ ಬರ್ತೀವಿ, ನಾವು ಬರೋವರೆಗೆ ಕೀ ಹಾಕ್ಬೇಡಿ" ಎಂದು ಓರಗಿತ್ತಿಯೇ ಹೇಳಿಬಿಟ್ಟಳು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮರುದಿನ ತಣ್ಣನೆಯ ಎಂಜಿನ್ ಎರಡನೇ ಸಲಕ್ಕೆ ಹತ್ತಿತು. ಹೊಗೆಯ ಬಣ್ಣ ನೋಡುವುದನ್ನು ನಾನು ಕಲಿತದ್ದು ಅಂದೇ. ನೀಲಿ ಹೊಗೆ ನಿಲ್ಲದೆ ಬಂದರೆ ಎಂಜಿನ್ ಆಯಿಲನ್ನೇ ಸುಡುತ್ತಿದೆ. ಕಡುಕಪ್ಪಾದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚಾಗಿ ಸುರಿಯುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ಬರುತ್ತಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ನೀರು ಸೇರುತ್ತಿದೆ. ಇದರದ್ದು ಮೊದಲು ಸ್ವಲ್ಪ ಬಿಳಿ ಬಂದು ತಿಳಿಯಾಯಿತು. ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದರು. ಅಲ್ಲಿಂದ ದಟ್ಟ ಹೊಗೆ ಬುಸುಗುಟ್ಟಿದರೆ ಪಿಸ್ಟನ್ ರಿಂಗು ಸವೆದಿದೆ ಎಂದರ್ಥ. ಅದೂ ಅಷ್ಟಾಗಿ ಇರಲಿಲ್ಲ.

ಆಮೇಲೆ ರೋಟವೇಟರನ್ನು ಮೇಲಕ್ಕೆತ್ತಿ ಎಂಜಿನ್ ನಿಲ್ಲಿಸಿ, "ಒಂದು ಟೀ ಕುಡಿಯೋಣ" ಅಂದರು. ಟೀ ಮುಗಿಯುವಷ್ಟರಲ್ಲಿ ಅದು ನಾಲ್ಕು ಬೆರಳು ಇಳಿದಿತ್ತು. ಹೈಡ್ರಾಲಿಕ್ ಒಳಗೆ ಸೋರುತ್ತಿದೆ, ಸೀಲು ಹಾಕಿಸಬೇಕು. ಬ್ರೇಕ್ ಒತ್ತಿ, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ಥಟ್ಟನೆ ನಿಲ್ಲಬೇಕು. ಇದು ಸ್ವಲ್ಪ ಎಳೆದಾಡಿ ನಿಂತಿತು. ಕ್ಲಚ್ ಪ್ಲೇಟಿನ ಆಯುಷ್ಯ ಮುಗಿಯುತ್ತಾ ಬಂದಿದೆ.

ಈಗ ಅತ್ತೆಯವರ ಪ್ರಶ್ನೆ. ನಾನೇ ಮಾಲೀಕರನ್ನು ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ: "ಸೀಜನ್‌ನಲ್ಲಿ ಗಾಡಿ ಒಂದು ದಿನ ನಿಂತ್ರೆ ನನಗೆ ಲುಕ್ಸಾನು ತಾಯಿ. ನಾಲ್ಕು ವರ್ಷ ಆದ್ಮೇಲೆ ರಿಪೇರಿ ಶುರುವಾಗುತ್ತೆ, ಮಾರಿ ಹೊಸದು ತರ್ತೀನಿ." ಮಾತು ಸರಿಯೇ. ನಾಲ್ಕು ವರ್ಷಕ್ಕೆ 2,140 ಗಂಟೆ ಅಂದರೆ ವರ್ಷಕ್ಕೆ ಐನೂರಕ್ಕೂ ಮೇಲೆ. ನಮ್ಮ ಎರಡು ಮನೆಯ ಕೆಲಸ ವರ್ಷಕ್ಕೆ 112 ಗಂಟೆ. ಹತ್ತು ವರ್ಷ ದುಡಿಸಿದರೂ ಅವರು ಎರಡು ಚಿಲ್ಲರೆ ವರ್ಷದಲ್ಲಿ ದುಡಿಸಿದಷ್ಟೇ. ಅವರಿಗೆ ಮುದಿಯಾದ ಗಾಡಿ ನಮಗೆ ನಡುವಯಸ್ಸಿನದು.

ಬಾಡಿಗೆ ಗಾಡಿಯ ನಿಜವಾದ ದೋಷ ಗಂಟೆಯಲ್ಲ, ಹತ್ತಾರು ಕೈ. ಯಾರದ್ದೋ ಗಾಡಿ ಎಂದು ಡ್ರೈವರುಗಳು ಕ್ಲಚ್ ಮೇಲೆ ಕಾಲಿಟ್ಟೇ ಓಡಿಸುತ್ತಾರೆ, ಕಲ್ಲು ನೆಲಕ್ಕೂ ರೋಟವೇಟರ್ ಇಳಿಸುತ್ತಾರೆ. ಒಳ್ಳೆಯದೂ ಒಂದಿದೆ. ಅಚ್ಚುಕಟ್ಟಾದ ಮಾಲೀಕರಾದರೆ ಆಯಿಲ್ ಬದಲಾಯಿಸಿದ್ದು ಬರೆದಿಡುತ್ತಾರೆ. ಎರಡನೇ ಗಾಡಿಗೆ ಅಂಥದೊಂದು ಮಸಿ ಹತ್ತಿದ ಪುಸ್ತಕ ಇತ್ತು. ತಾರೀಕು, ಗಂಟೆ, ಏನು ಹಾಕಿದರು ಎಲ್ಲವೂ. ಮೊದಲನೆಯದರ ಪುಸ್ತಕ 'ಎಲ್ಲೋ ಇದೆ' ಅಂದರು. ನಮ್ಮ ತೀರ್ಮಾನಕ್ಕೆ ಅಷ್ಟು ಸಾಕಾಯಿತು.

ಚೌಕಾಸಿ ನಾವೇ ಮಾಡಿದೆವು. ಕ್ಲಚ್ಚಿಗೆ ಇಷ್ಟು, ಹೈಡ್ರಾಲಿಕ್ ಸೀಲಿಗೆ ಇಷ್ಟು ಎಂದು ಮೆಕ್ಯಾನಿಕ್ ಬರೆದುಕೊಟ್ಟ ಚೀಟಿ ಮುಂದಿಟ್ಟು, ಇಳಿದ ತೆರಿಗೆಯ ಮಾತೂ ಆಡಿ, 2,40,000ಕ್ಕೆ ತಂದೆವು. ಮುಂಗಡ ಕೊಡುವ ಮೊದಲು ಕಾಗದ. ಆರ್.ಸಿ.ಯಲ್ಲಿರುವ ಎಂಜಿನ್ ನಂಬರ್, ಚಾಸಿ ನಂಬರನ್ನು ಗಾಡಿಯ ಮೇಲಿನದರ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ಫಾರಂ 35 ಬೇಕು. ಮಾಲೀಕತ್ವ ಬದಲಾವಣೆಗೆ ಫಾರಂ 29, ಫಾರಂ 30. ಕೊಂಡವರು 30 ದಿನದೊಳಗೆ ಆರ್.ಟಿ.ಒ.ಗೆ, 14 ದಿನದೊಳಗೆ ಇನ್ಷೂರೆನ್ಸ್ ಕಂಪನಿಗೆ ತಿಳಿಸಬೇಕು. ಸಬ್ಸಿಡಿಯಲ್ಲಿ ಕೊಂಡ ಗಾಡಿಯಾದರೆ ಮಾರಲು ಅಡ್ಡಿಯಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. 'ಆಮೇಲೆ ಮಾಡ್ಕೊಡ್ತೀನಿ' ಅಂದರೆ ನಾವೂ 'ಆಮೇಲೆ ಹಣ ಕೊಡ್ತೀವಿ' ಅನ್ನುವುದೇ ಸರಿ.

ಒಂದು ಮಾತು ಮಾತ್ರ ನಮಗಾಗಿಯೇ, ಸೋದರಿಯರೇ. ರೋಟವೇಟರ್ ತಿರುಗಿಸುವ ಪಿ.ಟಿ.ಒ. ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಂದರೆ ಒಂದು ಸೆಕೆಂಡಿಗೆ ಒಂಬತ್ತು ಸುತ್ತು. ಸೆರಗೋ, ದುಪಟ್ಟಾವೋ, ಜಡೆಯೋ ಸಿಕ್ಕಿದರೆ 'ಅಯ್ಯೋ' ಅನ್ನುವಷ್ಟೂ ಸಮಯ ಇರುವುದಿಲ್ಲ. ಅದರ ಮೇಲೊಂದು ಪ್ಲಾಸ್ಟಿಕ್ ಕವಚ ಇರಬೇಕು. ನಾವು ನೋಡಿದ ಎರಡೂ ಗಾಡಿಗಳಲ್ಲಿ ಅದು ಮುರಿದು ಬಿದ್ದುಹೋಗಿತ್ತು. ಗಾಡಿ ಮನೆಗೆ ಬರುವ ಮೊದಲು ಹೊಸ ಕವಚ ಹಾಕಿಸಿದೆವು. ಎಂಜಿನ್ ನಿಲ್ಲಿಸದೆ ಬುತ್ತಿ ಕೊಡಲು ಹತ್ತಿರ ಹೋಗುವುದಿಲ್ಲ, ಮಕ್ಕಳನ್ನು ಮಡ್ಗಾರ್ಡ್ ಮೇಲೆ ಕೂರಿಸುವುದಿಲ್ಲ ಎಂದು ನಾವಿಬ್ಬರೂ ಕಟ್ಟುನಿಟ್ಟು ಮಾಡಿಕೊಂಡಿದ್ದೇವೆ.

ಗಾಡಿ ಈಗ ಮೈದುನನ ಮನೆಯ ಶೆಡ್ಡಿನಲ್ಲಿದೆ, ಕೀ ನಮ್ಮ ಮನೆಯ ಮೊಳೆಗೆ. ಜಂಟಿ ವ್ಯವಹಾರದಲ್ಲಿ ಜಗಳ ಬರುವುದು ಮಾತಿನಲ್ಲಿ ಬಿಟ್ಟ ಕಡೆಯಿಂದ. ಅದಕ್ಕೇ ಎಲ್ಲವನ್ನೂ ಬರೆದಿಟ್ಟೆವು. ಒಂದು ಮಳೆಗೆ ಮೊದಲ ದಿನ ನಮ್ಮದು, ಮುಂದಿನ ಮಳೆಗೆ ಮೊದಲ ದಿನ ಅವರದು. ಡೀಸೆಲ್ ಅವರವರದೇ. ಓಡಿಸಿದ ಗಂಟೆಯನ್ನು ಅಂದೇ ಪುಸ್ತಕದಲ್ಲಿ ಬರೆಯಬೇಕು. ಒಬ್ಬರು ಬಿಡುವುದಾದರೆ ಮೆಕ್ಯಾನಿಕ್ ಹೇಳಿದ ಬೆಲೆಯ ಅರ್ಧ ಕೊಟ್ಟು ಇನ್ನೊಬ್ಬರು ಇಟ್ಟುಕೊಳ್ಳುವುದು. ಪುಸ್ತಕ ಬರೆಯುವವಳು ನನ್ನ ಓರಗಿತ್ತಿ.

ಕ್ಲಚ್ ಬದಲಾಯಿಸುವ ದಿನ ಅಣ್ಣತಮ್ಮ ಇಬ್ಬರೂ ಗಾಡಿಯ ಕೆಳಗೆ ಮಲಗಿ ಬೆಳಗಿನಿಂದ ಸಂಜೆಯವರೆಗೆ ಮೆಕ್ಯಾನಿಕ್ಕಿಗೆ ಸ್ಪಾನರ್ ಕೊಡುತ್ತಿದ್ದರು. ಬದುವಿನ ಮರದ ಮಾತು ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಆ ದಿನ ಇಬ್ಬರಿಗೂ ಊಟ ಒಂದೇ ಮನೆಯಲ್ಲಿ ಆಯಿತು.

ನಿಮ್ಮ ಮನೆಯಲ್ಲೂ ಇಂಥ ಮಾತು ಬಂದರೆ ಒಂದು ಹಾಳೆ, ಒಂದು ಪೆನ್ಸಿಲ್ ಹಿಡಿದು ಕೂತುಬಿಡಿ. ವರ್ಷಕ್ಕೆ ಎಷ್ಟು ಗಂಟೆ ಕೆಲಸ ಎಂಬುದನ್ನು ಮೊದಲು ಬರೆಯಿರಿ. ಗಂಟೆ ಕಡಿಮೆಯಿದ್ದರೆ ಬಾಡಿಗೆಯೇ ಮೇಲು, ಇಲ್ಲವೇ ಜೊತೆಗಾರರನ್ನು ಹುಡುಕಿ. ಆಮೇಲೆ ಆಯಿಲ್ ಕಡ್ಡಿ ಎಳೆದು ನೋಡಿ. ಕಾಫಿಯ ಬಣ್ಣ ಗುರುತಿಸುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ!